ಅಳಿಸಿದಷ್ಟೂ ಮರಳಿ ಬರುವ ಮಾಲ್‌ವೇರ್: ಮನೆಯ ಕಂಪ್ಯೂಟರಿನಿಂದ ತೆಗೆಯುವ ಕ್ರಮ

ಆಂಟಿವೈರಸ್ ಒಂದು ಫೈಲನ್ನು ಹಿಡಿದು, ತೆಗೆದುಹಾಕಿದ್ದೇನೆ ಎಂದು ಹಸಿರು ಗುರುತು ತೋರಿಸುತ್ತದೆ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ ಐದು ನಿಮಿಷಕ್ಕೆ ಅದೇ ಹೆಸರಿನ ಫೈಲ್ ಅದೇ ಜಾಗದಲ್ಲಿ ಹಾಜರು. ಆಗ ಬಹಳ ಜನ ಇನ್ನೊಂದು ಆಂಟಿವೈರಸ್ ಹಾಕುತ್ತಾರೆ, ಅದೂ ಸೋತರೆ ಮೂರನೆಯದು. ಮೂರೂ ಸೇರಿ ಒಂದನ್ನೊಂದು ಅಡ್ಡಗಟ್ಟಿ ಯಂತ್ರ ತೆವಳತೊಡಗುತ್ತದೆ, ಮಾಲ್‌ವೇರ್ ಮಾತ್ರ ಅಲ್ಲೇ ಇರುತ್ತದೆ. ಗರಿಕೆಯನ್ನು ಮೇಲೆ ಮೇಲೆ ಕಿತ್ತರೆ ಆಗುವುದೇ ಇಲ್ಲೂ ಆಗುತ್ತಿದೆ. ಅಳಿಸಿದ ಫೈಲನ್ನು ಮರಳಿ ತಂದು ಕೂರಿಸುವ ಬೇರೊಂದು ಏರ್ಪಾಡು ಯಂತ್ರದಲ್ಲಿ ಉಳಿದಿದೆ. ಅದು ಹೊತ್ತು ನೋಡಿ ಪ್ರೋಗ್ರಾಮ್‌ಗಳನ್ನು ಓಡಿಸುವ ಟಾಸ್ಕ್ ಶೆಡ್ಯೂಲರ್‌ನ ಒಂದು ಸಾಲಿರಬಹುದು, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯ ಒಂದು ನಮೂದಿರಬಹುದು, ಖಾತೆಯಲ್ಲಿಟ್ಟ ಸೆಟ್ಟಿಂಗ್‌ಗಳನ್ನು ಮರಳಿ ತರುವ ಬ್ರೌಸರ್‌ನ ಸಿಂಕ್ ಇರಬಹುದು, ಮೇಜಿನ ಖಾನೆಯಲ್ಲಿರುವ ಪೆನ್ ಡ್ರೈವ್ ಕೂಡ ಇರಬಹುದು. ಕರೆತರುವವನನ್ನು ಮೊದಲು ಹಿಡಿಯಬೇಕು, ಫೈಲನ್ನು ಆಮೇಲೆ ಅಳಿಸಬೇಕು. ಮುಂದಿನ ವಿವರವೆಲ್ಲ ವಿಂಡೋಸ್ 10 ಮತ್ತು 11ಕ್ಕೆ ಹೊಂದುತ್ತದೆ. ಮೆನುಗಳ ಹೆಸರಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಇರಬಹುದು.

ಮೊದಲಿಗೆ, ಅದು ಮಾಲ್‌ವೇರೇ ಹೌದೇ?

ಪರದೆಯ ಬಲಗಡೆ ಕೆಳಮೂಲೆಯಲ್ಲಿ ಗಳಿಗೆಗೊಮ್ಮೆ 'ನಿಮ್ಮ ಕಂಪ್ಯೂಟರ್‌ಗೆ ಐದು ವೈರಸ್ ತಗುಲಿವೆ' ಎಂಬ ಚೀಟಿ ಏಳುತ್ತಿದ್ದರೆ ಬಹುಪಾಲು ಅದು ವೈರಸ್ಸೇ ಅಲ್ಲ. ಯಾವುದೋ ಸಿನಿಮಾ ಅಥವಾ ಕ್ರಿಕೆಟ್ ಸೈಟಿನಲ್ಲಿ 'ಅಲೋ' ಒತ್ತಿದ್ದೀರಿ, ಆ ಸೈಟು ನೋಟಿಫಿಕೇಶನ್ ಕಳಿಸುತ್ತಿದೆ. ಕ್ರೋಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ, 'ಪ್ರೈವಸಿ ಅಂಡ್ ಸೆಕ್ಯುರಿಟಿ', 'ಸೈಟ್ ಸೆಟ್ಟಿಂಗ್ಸ್', 'ನೋಟಿಫಿಕೇಶನ್ಸ್' ತೆರೆಯಿರಿ. ಅನುಮತಿ ಪಡೆದವರ ಪಟ್ಟಿಯಲ್ಲಿ ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆದುಹಾಕಿದರೆ ಅಲ್ಲಿಗೆ ಮುಗಿಯಿತು.

ಪರದೆ ಪೂರ್ತಿ ಕೆಂಪಾಗಿ, ಸೈರನ್ ಕೂಗಿ, ಈ ನಂಬರಿಗೆ ಫೋನ್ ಮಾಡಿ ಎನ್ನುವುದೂ ಒಂದು ವೆಬ್ ಪುಟ ಅಷ್ಟೇ. ಮೈಕ್ರೋಸಾಫ್ಟ್‌ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು 'ಎಂಡ್ ಟಾಸ್ಕ್' ಮಾಡಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು 'ರಿಸ್ಟೋರ್' ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ.

ನಿಜವಾದ ಲಕ್ಷಣಗಳು ಬೇರೆ. ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ತಾನಾಗಿ ಆಫ್ ಆಗಿದ್ದು, ಆನ್ ಮಾಡಿದರೂ ನಿಲ್ಲುವುದಿಲ್ಲ. ಬೇರೆಲ್ಲ ಸೈಟುಗಳು ತೆರೆದು ಆಂಟಿವೈರಸ್ ಕಂಪನಿಗಳ ಸೈಟುಗಳು ಮಾತ್ರ ತೆರೆಯುವುದಿಲ್ಲ. ಪೆನ್ ಡ್ರೈವ್‌ನ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ. ಏನೂ ಕೆಲಸ ಮಾಡದೆ ಇರುವಾಗ ಫ್ಯಾನ್ ಭರ್ರನೆ ತಿರುಗುತ್ತದೆ, ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ತಣ್ಣಗಾಗುತ್ತದೆ. ಈ ಕೊನೆಯದು ನಿಮ್ಮ ಯಂತ್ರದ ಬಲದಿಂದ ಕಳ್ಳನಿಗೆ ಡಿಜಿಟಲ್ ನಾಣ್ಯ ಗಳಿಸಿಕೊಡುವ ಕ್ರಿಪ್ಟೋ ಮೈನರ್‌ನ ಹಳೇ ಚಾಳಿ. ಟಾಸ್ಕ್ ಮ್ಯಾನೇಜರ್ ತೆರೆದದ್ದನ್ನು ಗಮನಿಸಿ ಅದು ತನ್ನ ಕೆಲಸ ನಿಲ್ಲಿಸಿಬಿಡುತ್ತದೆ.

ಕೈ ಹಾಕುವ ಮುನ್ನ

ವೈಫೈ ಆಫ್ ಮಾಡಿ, ಲ್ಯಾನ್ ಕೇಬಲ್ ಇದ್ದರೆ ಕೀಳಿ. ಈ ಯಂತ್ರದಲ್ಲಿ ಬ್ಯಾಂಕ್, ಯುಪಿಐ, ಇಮೇಲ್ ಯಾವುದಕ್ಕೂ ಲಾಗಿನ್ ಆಗಬೇಡಿ. ಪಾಸ್‌ವರ್ಡ್‌ಗಳನ್ನೂ ಈಗಲೇ ಬದಲಾಯಿಸಬೇಡಿ. ಹೊಸ ಪಾಸ್‌ವರ್ಡನ್ನೂ ಅದು ಕದ್ದೊಯ್ಯುತ್ತದೆ.

ಇನ್ನೊಂದು ಕಂಪ್ಯೂಟರಿನಲ್ಲಿ ಈ ನಾಲ್ಕನ್ನು ಆಯಾ ಸಂಸ್ಥೆಯ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಿ: ಮೈಕ್ರೋಸಾಫ್ಟ್ ಸಿಸ್‌ಇಂಟರ್ನಲ್ಸ್‌ನ ಆಟೋರನ್ಸ್ ಮತ್ತು ಪ್ರೊಸೆಸ್ ಎಕ್ಸ್‌ಪ್ಲೋರರ್, ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್, ಮಾಲ್‌ವೇರ್‌ಬೈಟ್ಸ್. ನಾಲ್ಕೂ ಉಚಿತ. ಸೇಫ್ಟಿ ಸ್ಕ್ಯಾನರ್ ಇಳಿಸಿದ 10 ದಿನಕ್ಕೆ ಹಳತಾಗುತ್ತದೆ, ಹಾಗಾಗಿ ಕಳೆದ ವರ್ಷದ ಪ್ರತಿ ಉಪಯೋಗಕ್ಕಿಲ್ಲ. ನಮ್ಮ ದೇಶದ್ದೇ ಬೇಕೆಂದರೆ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದ ಸೈಟಿನಲ್ಲೂ ಉಚಿತ ಕ್ಲೀನಿಂಗ್ ಟೂಲ್‌ಗಳಿವೆ. 2017ರ ಫೆಬ್ರುವರಿಯಲ್ಲಿ ಶುರುವಾದ ಈ ಕೇಂದ್ರದ ವಿಷಯ ಬಹಳ ಜನರಿಗೆ ಗೊತ್ತೇ ಇಲ್ಲ. ಟೂಲ್‌ಗಳನ್ನು ಒಯ್ಯುವ ಪೆನ್ ಡ್ರೈವ್ ರೋಗದ ಯಂತ್ರಕ್ಕೆ ಒಮ್ಮೆ ಚುಚ್ಚಿದ ಮೇಲೆ ಅದಕ್ಕೂ ತಗುಲಿತೆಂದೇ ತಿಳಿಯಿರಿ. ಕೆಲಸ ಮುಗಿಯುವ ತನಕ ಅದು ಬೇರೆಲ್ಲೂ ಹೋಗಕೂಡದು.

ಇನ್ನೆರಡು ಸಂಗತಿ ಮುಂಚೆಯೇ ಕೈಲಿರಲಿ. ಒಂದು, ಮೈಕ್ರೋಸಾಫ್ಟ್ ಖಾತೆಯ ನಿಜವಾದ ಪಾಸ್‌ವರ್ಡ್. ವಿಂಡೋಸ್‌ನ ಅಗತ್ಯ ಭಾಗಗಳಷ್ಟೇ ಏಳುವ ಸೇಫ್ ಮೋಡ್‌ನಲ್ಲಿ ಕೆಲವೊಮ್ಮೆ ಪಿನ್ ನಡೆಯುವುದಿಲ್ಲ. ಎರಡು, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ, 48 ಅಂಕಿಯದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಶನ್ ನಿಮಗೆ ಹೇಳದೆಯೇ ಆನ್ ಆಗಿರುತ್ತದೆ. ಬೂಟ್ ಕ್ರಮ ಬದಲಾದರೆ ನೀಲಿ ಪರದೆ ಬಂದು ಆ ಕೀ ಕೇಳುತ್ತದೆ. ಫೋನಿನಿಂದ ಮೈಕ್ರೋಸಾಫ್ಟ್ ಖಾತೆಗೆ ಹೋದರೆ ನಿಮ್ಮ ಡಿವೈಸ್‌ನ ಮಾಹಿತಿಯ ಜೊತೆ ಸಿಗುತ್ತದೆ. ಕಾಗದದ ಮೇಲೆ ಬರೆದಿಡಿ.

ಆಮೇಲೆ ಡೇಟಾ. ಹೊರಗಿನ ಹಾರ್ಡ್ ಡಿಸ್ಕಿಗೆ ಫೋಟೊ, ವರ್ಡ್, ಎಕ್ಸೆಲ್, ಪಿಡಿಎಫ್, ಟ್ಯಾಲಿಯ ಡೇಟಾ ಫೋಲ್ಡರ್ ಇವನ್ನು ಮಾತ್ರ ಕಾಪಿ ಮಾಡಿ. ಇಎಕ್ಸ್‌ಇ, ಎಂಎಸ್‌ಐ, ಎಸ್‌ಸಿಆರ್, ವಿಬಿಎಸ್, ಜೆಎಸ್, ಎಲ್‌ಎನ್‌ಕೆ ಎಂದು ಕೊನೆಯಾಗುವ ಯಾವುದೂ ಬೇಡ, ಇನ್‌ಸ್ಟಾಲರ್‌ಗಳನ್ನು ಮತ್ತೆ ಇಳಿಸಿಕೊಂಡರಾಯಿತು. ಫೈಲಿನ ಬಾಲ ಕಾಣದಿದ್ದರೆ ಎಕ್ಸ್‌ಪ್ಲೋರರ್‌ನ 'ವ್ಯೂ', 'ಶೋ' ಅಡಿಯಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಆನ್ ಮಾಡಿ. ಮದುವೆ ಫೋಟೊ ಎಂಬ ಹೆಸರಿನ ಹಿಂದೆ ಇಎಕ್ಸ್‌ಇ ಅಡಗಿದ್ದು ಆಗ ಕಾಣುತ್ತದೆ. ಕಾಪಿ ಮುಗಿದ ತಕ್ಷಣ ಹಾರ್ಡ್ ಡಿಸ್ಕ್ ಕಿತ್ತಿಡಿ.

ಒಂದು ಅಪವಾದ. ಫೈಲುಗಳ ಹೆಸರಿಗೆ ವಿಚಿತ್ರ ಬಾಲ ಸೇರಿ ಯಾವುದೂ ತೆರೆಯದೆ, ಪ್ರತಿ ಫೋಲ್ಡರ್‌ನಲ್ಲೂ ಹಣ ಕೇಳುವ ಟೆಕ್ಸ್ಟ್ ಫೈಲ್ ಇದ್ದರೆ ಅದು ರ‍್ಯಾನ್ಸಮ್‌ವೇರ್. ಆಗ ಹೊರಗಿನ ಡಿಸ್ಕ್ ಚುಚ್ಚಲೇಬೇಡಿ, ಈಗಾಗಲೇ ಚುಚ್ಚಿದ್ದರೆ ಈ ಕ್ಷಣ ಕೀಳಿ. ಅದರ ಮಾತು ಮುಂದೆ ಬರುತ್ತದೆ.

ಡಿಫೆಂಡರ್‌ನ ಕಣ್ಣಿನ ಪಟ್ಟಿ ಬಿಚ್ಚಿ

ಸ್ಕ್ಯಾನ್ ಮಾಡಿ ಮಾಡಿ ಏನೂ ಸಿಗದಿರಲು ಅತಿ ಸಾಮಾನ್ಯ ಕಾರಣ 'ಎಕ್ಸ್‌ಕ್ಲೂಶನ್ಸ್'. ವಿಂಡೋಸ್ ಸೆಕ್ಯುರಿಟಿ ತೆರೆದು, 'ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್'ನಲ್ಲಿ 'ಮ್ಯಾನೇಜ್ ಸೆಟ್ಟಿಂಗ್ಸ್' ಒತ್ತಿ, ತೀರಾ ಕೆಳಗೆ ಇಳಿದರೆ ಈ ಪಟ್ಟಿ ಸಿಗುತ್ತದೆ. ಇಲ್ಲಿ ಬರೆದ ಫೋಲ್ಡರ್‌ಗಳ ಕಡೆ ಡಿಫೆಂಡರ್ ತಿರುಗಿಯೂ ನೋಡುವುದಿಲ್ಲ. ಸಿ ಡ್ರೈವ್ ಪೂರ್ತಿ, ಅಥವಾ 'ಪ್ರೋಗ್ರಾಮ್‌ಡೇಟಾ', 'ಆ್ಯಪ್‌ಡೇಟಾ' ಇಲ್ಲಿ ನಮೂದಾಗಿದ್ದರೆ ಅದು ಮಾಲ್‌ವೇರಿನ ಕೈವಾಡ, ಇಲ್ಲವೇ ಲೈಸೆನ್ಸ್ ಇಲ್ಲದ ವಿಂಡೋಸನ್ನು ಅಸಲಿಯಂತೆ ಓಡಿಸುವ ಕೆಎಂಎಸ್ ಆ್ಯಕ್ಟಿವೇಟರ್ ಹಾಕಿದವರ ಕೈವಾಡ. ಸಾಮಾನ್ಯ ಮನೆ ಕಂಪ್ಯೂಟರಿಗೆ ಈ ಪಟ್ಟಿ ಖಾಲಿ ಇರಬೇಕು. ಎಲ್ಲ ತೆಗೆದುಹಾಕಿ.

ಆ್ಯಕ್ಟಿವೇಟರ್ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. 'ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿಸಿದೆ, ವಾರದಲ್ಲೇ ಮತ್ತೆ ಬಂತು' ಎನ್ನುವ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ಹೊಸ ವಿಂಡೋಸ್ ಜೊತೆಗೇ ಕ್ರ್ಯಾಕ್ ಹಾಕಿ, ಅದು ಓಡಲೆಂದು ಡಿಫೆಂಡರ್ ಆಫ್ ಮಾಡಿ, ಎಕ್ಸ್‌ಕ್ಲೂಶನ್ ಸೇರಿಸಿ ಕೊಟ್ಟಿರುತ್ತಾರೆ. ಇದು ಉಳಿದಿರುವ ತನಕ ಕೆಳಗಿನ ಯಾವ ಹೆಜ್ಜೆಯೂ ನಿಲ್ಲುವುದಿಲ್ಲ.

'ಈ ಸೆಟ್ಟಿಂಗ್ ನಿಮ್ಮ ಸಂಸ್ಥೆಯ ನಿಯಂತ್ರಣದಲ್ಲಿದೆ' ಎಂಬರ್ಥದ ಸಾಲು ಮನೆಯ ಯಂತ್ರದಲ್ಲಿ ಕಂಡರೆ ರಿಜಿಸ್ಟ್ರಿಯಲ್ಲಿ ಯಾರೋ ಪಾಲಿಸಿ ಬರೆದಿದ್ದಾರೆ. ರಿಜಿಸ್ಟ್ರಿ ತಿದ್ದುವ ರೆಜ್‌ಎಡಿಟ್ ತೆರೆದು ಎಚ್‌ಕೀ ಲೋಕಲ್ ಮಶೀನ್, ಸಾಫ್ಟ್‌ವೇರ್, ಪಾಲಿಸೀಸ್, ಮೈಕ್ರೋಸಾಫ್ಟ್ ದಾರಿಯಲ್ಲಿ 'ವಿಂಡೋಸ್ ಡಿಫೆಂಡರ್' ಕೀಗೆ ಹೋಗಿ. 'ಡಿಸೇಬಲ್ ಆ್ಯಂಟಿಸ್ಪೈವೇರ್'ನಂಥ ಸಾಲುಗಳು ಅಲ್ಲಿರುತ್ತವೆ. ಕೀ ಮೇಲೆ ರೈಟ್ ಕ್ಲಿಕ್ ಮಾಡಿ 'ಎಕ್ಸ್‌ಪೋರ್ಟ್' ಮಾಡಿಟ್ಟುಕೊಂಡು, ಆ ಸಾಲುಗಳನ್ನು ಅಳಿಸಿ ರೀಸ್ಟಾರ್ಟ್ ಮಾಡಿ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಆದರೆ ಇದಕ್ಕೆ ಕೈ ಹಾಕಬೇಡಿ, ಅಲ್ಲಿ ಆ ಸಾಲು ನ್ಯಾಯವಾಗಿಯೇ ಇರುತ್ತದೆ. ಕೊನೆಗೆ, ಡಿಫೆಂಡರ್‌ನ ಸೆಟ್ಟಿಂಗ್‌ಗಳನ್ನು ಬೇರೆ ಪ್ರೋಗ್ರಾಮ್‌ಗಳು ಬದಲಿಸದಂತೆ ಕಾಯುವ 'ಟ್ಯಾಂಪರ್ ಪ್ರೊಟೆಕ್ಷನ್' ಆನ್ ಇದೆಯೇ ನೋಡಿ.

ವಿಂಡೋಸ್ ಏಳುವ ಮೊದಲೇ ಸ್ಕ್ಯಾನ್

ಓಡುತ್ತಿರುವ ಮಾಲ್‌ವೇರ್ ತನ್ನ ಫೈಲನ್ನು ಮುಟ್ಟಲು ಬಿಡುವುದಿಲ್ಲ, ಕೆಲವು ತಮ್ಮನ್ನು ಪಟ್ಟಿಯಲ್ಲೇ ತೋರಿಸುವುದಿಲ್ಲ. ಹಾಗಾಗಿ ಅದು ಏಳುವ ಮುನ್ನವೇ ಹುಡುಕಬೇಕು. ಇಂಟರ್‌ನೆಟ್ಟನ್ನು ಐದು ನಿಮಿಷ ಆನ್ ಮಾಡಿ ಡಿಫೆಂಡರ್‌ನ ಡೆಫಿನಿಶನ್ ಅಪ್‌ಡೇಟ್ ಮಾಡಿ, ಮತ್ತೆ ಆಫ್ ಮಾಡಿ. ನಂತರ 'ಸ್ಕ್ಯಾನ್ ಆಪ್ಷನ್ಸ್'ನಲ್ಲಿ 'ಆಫ್‌ಲೈನ್ ಸ್ಕ್ಯಾನ್' ಆರಿಸಿ. ತೆರೆದಿಟ್ಟ ಫೈಲುಗಳನ್ನು ಮೊದಲೇ ಸೇವ್ ಮಾಡಿ, ಏಕೆಂದರೆ ಯಂತ್ರ ತಾನೇ ರೀಸ್ಟಾರ್ಟ್ ಆಗಿ, ಸುಮಾರು 15 ನಿಮಿಷ ಸ್ಕ್ಯಾನ್ ಮಾಡಿ, ಮತ್ತೆ ವಿಂಡೋಸ್‌ಗೆ ಮರಳುತ್ತದೆ. ಏನು ಸಿಕ್ಕಿತೆಂಬುದು 'ಪ್ರೊಟೆಕ್ಷನ್ ಹಿಸ್ಟರಿ'ಯಲ್ಲಿರುತ್ತದೆ. ಫೈಲಿನ ಹೆಸರು ಮತ್ತು ಅದಿದ್ದ ಜಾಗ ಎರಡನ್ನೂ ಬರೆದುಕೊಳ್ಳಿ, ಮುಂದೆ ಅದೇ ಸುಳಿವು.

ಸ್ಕ್ಯಾನ್ ಆಗದೆ ನೇರ ವಿಂಡೋಸ್‌ಗೇ ಬಂದರೆ ಈ ಸ್ಕ್ಯಾನ್ ಓಡುವ ರಿಕವರಿ ಪರಿಸರ ಆಫ್ ಆಗಿರಬಹುದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು 'ರೀಏಜೆಂಟ್‌ಸಿ /ಎನೇಬಲ್' ಕೊಡಿ. ಈ ಲೇಖನದ ಕಮಾಂಡ್‌ಗಳನ್ನು ಯಂತ್ರದಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು ಎಂದು ಬೇರೆ ಹೇಳಬೇಕಿಲ್ಲ.

ಆಮೇಲೆ ಸೇಫ್ಟಿ ಸ್ಕ್ಯಾನರ್‌ನಲ್ಲಿ 'ಫುಲ್ ಸ್ಕ್ಯಾನ್', ಅದಾದ ಮೇಲೆ ಮಾಲ್‌ವೇರ್‌ಬೈಟ್ಸ್. ಒಂದಾದ ಮೇಲೊಂದು, ಒಟ್ಟಿಗೆ ಅಲ್ಲ. ಹಳೆಯ ಹಾರ್ಡ್ ಡಿಸ್ಕಿನ ಯಂತ್ರದಲ್ಲಿ ಫುಲ್ ಸ್ಕ್ಯಾನ್‌ಗೆ ಹಲವು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ, ರಾತ್ರಿ ಬಿಟ್ಟು ಮಲಗಿ. ಮಾಲ್‌ವೇರ್‌ಬೈಟ್ಸ್ ಕೆಲವು ದಿನ ಪ್ರೀಮಿಯಂ ಟ್ರಯಲ್ ಓಡಿಸಿ ಹಣ ಕೇಳುತ್ತದೆ. ಬೇಡವೆಂದರೂ ಉಚಿತ ಸ್ಕ್ಯಾನ್ ಉಳಿಯುತ್ತದೆ.

ಕರೆತರುವವನನ್ನು ಹಿಡಿಯುವುದು

ಸ್ಕ್ಯಾನರ್‌ಗಳು ಫೈಲನ್ನು ಹಿಡಿದು ಟಾಸ್ಕನ್ನು ಬಿಟ್ಟಿರುವುದುಂಟು. ಇಲ್ಲಿಂದ ಕೈ ಕೆಲಸ.

ಆಟೋರನ್ಸ್‌ನ 64 ಬಿಟ್ ಫೈಲನ್ನು ರೈಟ್ ಕ್ಲಿಕ್ ಮಾಡಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಕೊಡಿ. ವಿಂಡೋಸ್ ಜೊತೆಗೆ ತಾನಾಗಿ ಏಳುವ ಪ್ರತಿಯೊಂದೂ ಇಲ್ಲಿ ಕಾಣುತ್ತದೆ. ಟಾಸ್ಕ್ ಮ್ಯಾನೇಜರ್‌ನ 'ಸ್ಟಾರ್ಟಪ್' ತೋರಿಸುವುದು ಅದರಲ್ಲಿ ಸಣ್ಣ ಪಾಲು ಮಾತ್ರ. ಮೊದಲು 'ಆಪ್ಷನ್ಸ್' ಮೆನುವಿನಲ್ಲಿ 'ಹೈಡ್ ಮೈಕ್ರೋಸಾಫ್ಟ್ ಎಂಟ್ರೀಸ್' ಗುರುತು ಹಾಕಿ, 'ಸ್ಕ್ಯಾನ್ ಆಪ್ಷನ್ಸ್'ನಲ್ಲಿ 'ವೆರಿಫೈ ಕೋಡ್ ಸಿಗ್ನೇಚರ್ಸ್' ಮತ್ತು 'ಚೆಕ್ ವೈರಸ್‌ಟೋಟಲ್' ಎರಡನ್ನೂ ಆನ್ ಮಾಡಿ. ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ಹೇಳುವ ತಾಣವಾದ ವೈರಸ್‌ಟೋಟಲ್‌ಗೆ ನೆಟ್ ಬೇಕು, ಆ ಹೊತ್ತಿಗಷ್ಟೇ ವೈಫೈ ಹಾಕಿ. ಅದು ಕಳಿಸುವುದು ಫೈಲಿನ ಹ್ಯಾಶ್, ಅಂದರೆ ಬೆರಳಚ್ಚಿನಂಥ ಗುರುತು ಮಾತ್ರ, ಫೈಲನ್ನಲ್ಲ. 'ಸಬ್ಮಿಟ್ ಅನ್‌ನೋನ್ ಇಮೇಜಸ್' ಆನ್ ಮಾಡಿದರೆ ಫೈಲೂ ಹೋಗುತ್ತದೆ, ಅದು ಬೇಡ.

ಬಂದ ಪಟ್ಟಿಯಲ್ಲಿ ಹಳದಿ ಸಾಲು ಎಂದರೆ ನಮೂದಿದೆ, ಅದು ಹೇಳುವ ಫೈಲ್ ಇಲ್ಲ. ಬಹಳ ಸಲ ಅದು ಹಿಂದೆ ಅಳಿಸಿದ ಪ್ರೋಗ್ರಾಮಿನ ಕಸ. ಗುಲಾಬಿ ಸಾಲು ಎಂದರೆ ತಯಾರಕರ ಡಿಜಿಟಲ್ ಸಹಿ ಇಲ್ಲ ಅಥವಾ ಸಹಿ ತಾಳೆಯಾಗಿಲ್ಲ. ಗುಲಾಬಿ ಕಂಡ ಕೂಡಲೇ ಕಳ್ಳ ಎಂದು ತೀರ್ಮಾನಿಸಬೇಡಿ, ಹಳೆಯ ಪ್ರಿಂಟರ್ ಡ್ರೈವರ್‌ಗಳು, ಸಣ್ಣಪುಟ್ಟ ದೇಸಿ ಸಾಫ್ಟ್‌ವೇರ್‌ಗಳು ಎಷ್ಟೋ ಸಹಿಯಿಲ್ಲದೆ ಬರುತ್ತವೆ. ವೈರಸ್‌ಟೋಟಲ್ ಕಾಲಂನಲ್ಲಿ 70ರಷ್ಟು ಎಂಜಿನ್‌ಗಳಲ್ಲಿ ಒಂದೆರಡು ಮಾತ್ರ ತಕರಾರು ತೆಗೆದಿದ್ದರೆ ಅದು ಹುಸಿ ಎಚ್ಚರಿಕೆಯೂ ಆಗಿರಬಹುದು. ಮೂವತ್ತು ನಲವತ್ತು ಆದರೆ ಮಾತೇ ಬೇಡ.

ಎಲ್ಲಕ್ಕಿಂತ ಹೆಚ್ಚು ಹೇಳುವುದು ಫೈಲ್ ಕೂತಿರುವ ಜಾಗ. ಯೂಸರ್ ಹೆಸರಿನಡಿ ಆ್ಯಪ್‌ಡೇಟಾದ ರೋಮಿಂಗ್ ಅಥವಾ ಲೋಕಲ್, ಟೆಂಪ್, ಪ್ರೋಗ್ರಾಮ್‌ಡೇಟಾ, ಪಬ್ಲಿಕ್ ಈ ಫೋಲ್ಡರ್‌ಗಳಿಂದ, ಅಸಂಬದ್ಧ ಅಕ್ಷರಗಳ ಹೆಸರಿನ ಫೈಲ್ ಏಳುತ್ತಿದ್ದರೆ ಮೊದಲ ಅನುಮಾನ ಅದರ ಮೇಲೆ. ನಿಜವಾದ ಎಸ್‌ವಿಸಿ ಹೋಸ್ಟ್ ಇರುವುದು ವಿಂಡೋಸ್‌ನ ಸಿಸ್ಟಮ್32 ಫೋಲ್ಡರ್‌ನಲ್ಲಿ. ಅದೇ ಹೆಸರು ಆ್ಯಪ್‌ಡೇಟಾದಲ್ಲಿ ಕಂಡರೆ, ಅಥವಾ ಹೆಸರಿನ ಎರಡು ಅಕ್ಷರ ಅದಲುಬದಲಾಗಿದ್ದರೆ ಅದು ವೇಷಧಾರಿ.

'ಲಾಗಾನ್', 'ಶೆಡ್ಯೂಲ್ಡ್ ಟಾಸ್ಕ್ಸ್', 'ಸರ್ವಿಸಸ್' ಮತ್ತು 'ಡಬ್ಲ್ಯುಎಂಐ' ಟ್ಯಾಬ್‌ಗಳನ್ನು ಒಂದೊಂದಾಗಿ ನೋಡಿ. ಈ ನಾಲ್ಕರಲ್ಲಿ ಹೆಚ್ಚು ಸಮಯ ಕೊಡಬೇಕಾದ್ದು ಶೆಡ್ಯೂಲ್ಡ್ ಟಾಸ್ಕ್‌ಗಳಿಗೆ. ಅಳಿಸಿದ್ದು ಐದು ನಿಮಿಷಕ್ಕೆ ಮರಳುವುದು ಇಲ್ಲಿಂದಲೇ. ಕ್ರ್ಯಾಕ್ ಸಾಫ್ಟ್‌ವೇರ್ ಜೊತೆ ಹರಡಿದ 'ಸ್ಟಾಪ್ ಡಿಜೆವು' ರ‍್ಯಾನ್ಸಮ್‌ವೇರ್ 'ಟೈಮ್ ಟ್ರಿಗರ್ ಟಾಸ್ಕ್' ಎಂಬ ಹೆಸರಲ್ಲಿ ಒಂದು ಟಾಸ್ಕ್ ಬರೆದು ಐದೈದು ನಿಮಿಷಕ್ಕೆ ತನ್ನನ್ನು ಎಬ್ಬಿಸಿಕೊಳ್ಳುತ್ತದೆ. ನೀವು ಹೊಸದಾಗಿ ಸೇರಿಸಿದ ಫೈಲ್‌ಗಳೂ ಲಾಕ್ ಆಗುತ್ತಾ ಹೋಗುವುದು ಅದಕ್ಕೇ.

ಮೈಕ್ರೋಸಾಫ್ಟ್ ಸಾಲುಗಳನ್ನು ಬಚ್ಚಿಡುವುದರಲ್ಲಿ ಒಂದು ಮೋಸವಿದೆ. ಡಬ್ಲ್ಯುಸ್ಕ್ರಿಪ್ಟ್, ಪವರ್‌ಶೆಲ್, ಎಂಎಸ್‌ಎಚ್‌ಟಿಎ, ರನ್‌ಡಿಎಲ್‌ಎಲ್32 ಇವೆಲ್ಲ ಮೈಕ್ರೋಸಾಫ್ಟ್‌ನ ಅಸಲಿ ಪ್ರೋಗ್ರಾಮ್‌ಗಳೇ, ಆದರೆ ಕಳ್ಳ ಸ್ಕ್ರಿಪ್ಟನ್ನು ಹೊತ್ತು ಓಡಿಸುವುದೂ ಇವೇ. ಆದ್ದರಿಂದ ಮೊದಲ ಸುತ್ತು ಮುಗಿದ ಮೇಲೆ ಆ ಗುರುತು ತೆಗೆದು ಲಾಗಾನ್ ಮತ್ತು ಶೆಡ್ಯೂಲ್ಡ್ ಟಾಸ್ಕ್ಸ್ ಎರಡನ್ನೇ ಇನ್ನೊಮ್ಮೆ ಓದಿ. ಈ ನಾಲ್ಕು ಪ್ರೋಗ್ರಾಮ್‌ಗಳಲ್ಲಿ ಯಾವುದಾದರೂ ಟೆಂಪ್ ಅಥವಾ ರೋಮಿಂಗ್‌ನ ಫೈಲನ್ನು ಕರೆಯುತ್ತಿದ್ದರೆ, ಅಥವಾ ಪವರ್‌ಶೆಲ್ ಮುಂದೆ 'ಹಿಡನ್' ಎಂದೂ ಉದ್ದನೆಯ ಅರ್ಥವಿಲ್ಲದ ಅಕ್ಷರಮಾಲೆಯೂ ಇದ್ದರೆ, ಸಿಕ್ಕಿತು. ಡಬ್ಲ್ಯುಸ್ಕ್ರಿಪ್ಟನ್ನೇ ಅಳಿಸಲು ಹೋಗಬೇಡಿ, ಅದು ಕರೆಯುತ್ತಿರುವ ಫೈಲನ್ನು ಅಳಿಸಬೇಕು.

ಅನುಮಾನದ ಸಾಲನ್ನು ರೈಟ್ ಕ್ಲಿಕ್ ಮಾಡಿ 'ಜಂಪ್ ಟು ಇಮೇಜ್' ಕೊಟ್ಟರೆ ಫೈಲಿರುವ ಫೋಲ್ಡರ್ ತೆರೆಯುತ್ತದೆ. ಆ ಜಾಗ ಬರೆದುಕೊಂಡು, ಸಾಲಿನ ಮುಂದಿನ ಟಿಕ್ ತೆಗೆಯಿರಿ. ಈಗಲೇ ಡಿಲೀಟ್ ಬೇಡ. ಟಿಕ್ ತೆಗೆದದ್ದು ತಪ್ಪಾದರೆ ಮರಳಿ ಹಾಕಬಹುದು, ಡಿಲೀಟ್ ಮಾಡಿದ್ದು ಬರುವುದಿಲ್ಲ. ರೀಸ್ಟಾರ್ಟ್ ಮಾಡಿ, ಕಂಪ್ಯೂಟರ್ ಸರಿಯಾಗಿದ್ದರೆ ಫೈಲನ್ನೂ ಸಾಲನ್ನೂ ಆಗ ಅಳಿಸಿ. 'ಶಟ್ ಡೌನ್' ಮಾಡಿ ಆನ್ ಮಾಡಿದರೆ ಸಾಲದು. ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ಅದು ಪೂರ್ತಿ ಮುಚ್ಚಿ ತೆರೆದಂತಾಗುವುದಿಲ್ಲ. ರೀಸ್ಟಾರ್ಟ್ ಎಂದೇ ಒತ್ತಿ.

ಲಾಗಾನ್ ಟ್ಯಾಬ್‌ನಲ್ಲಿ 'ಯೂಸರ್‌ಇನಿಟ್' ಎಂಬ ನಮೂದನ್ನು ಮಾತ್ರ ಜೋಪಾನವಾಗಿ ನೋಡಿ. ರಿಜಿಸ್ಟ್ರಿಯಲ್ಲಿ ಅದರೆದುರು ಇರಬೇಕಾದ್ದು ಸಿಸ್ಟಮ್32ರಲ್ಲಿರುವ ಯೂಸರ್‌ಇನಿಟ್ ಫೈಲಿನ ದಾರಿ, ಕೊನೆಗೊಂದು ಅಲ್ಪವಿರಾಮ. ಅಲ್ಪವಿರಾಮ ಸಹಜವೇ, ಅದರ ಮುಂದೆ ಇನ್ನೊಂದು ಫೈಲಿನ ಹೆಸರು ಅಂಟಿದ್ದರೆ ಅದು ಮಾಲ್‌ವೇರ್. ಅಂಟಿದ ಭಾಗವನ್ನಷ್ಟೇ ಕತ್ತರಿಸಿ. ಇಡೀ ನಮೂದು ಅಳಿಸಿದರೆ ಪಾಸ್‌ವರ್ಡ್ ಕೊಟ್ಟ ಕೂಡಲೇ ವಿಂಡೋಸ್ ನಿಮ್ಮನ್ನು ಹೊರಗೆ ಹಾಕುತ್ತದೆ, ಪ್ರತಿ ಸಲವೂ.

ಟಿಕ್ ತೆಗೆದರೂ ಮತ್ತೆ ಬಂದರೆ

ಟಿಕ್ ತೆಗೆದು ಎಫ್5 ಒತ್ತಿದಾಗ ಅದೇ ಸಾಲು ಹೊಸದಾಗಿ ಹುಟ್ಟಿದ್ದರೆ, ಓಡುತ್ತಿರುವ ಒಂದು ಪ್ರೊಸೆಸ್ ಅದನ್ನು ಕಾಯುತ್ತಿದೆ. ಹಟಮಾರಿಗಳು ಜೋಡಿಯಾಗಿ ಓಡುತ್ತವೆ: ಒಂದನ್ನು ಕೊಂದರೆ ಇನ್ನೊಂದು ಅದನ್ನು ಎಬ್ಬಿಸುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ 'ಎಂಡ್ ಟಾಸ್ಕ್' ಒತ್ತಿ ಒತ್ತಿ ಬೆರಳು ನೋಯುವುದು ಇದಕ್ಕೇ.

ಉಪಾಯ ಪ್ರೊಸೆಸ್ ಎಕ್ಸ್‌ಪ್ಲೋರರ್‌ನಲ್ಲಿದೆ. ಅದನ್ನೂ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಯಾವ ಪ್ರೊಸೆಸ್ ಯಾರನ್ನು ಹುಟ್ಟಿಸಿತು ಎಂಬ ವಂಶವೃಕ್ಷ ಎಡಗಡೆ ಕಾಣುತ್ತದೆ. ಜೋಡಿಯ ಒಂದನ್ನು ರೈಟ್ ಕ್ಲಿಕ್ ಮಾಡಿ 'ಕಿಲ್' ಬದಲು 'ಸಸ್ಪೆಂಡ್' ಕೊಡಿ, ಆಮೇಲೆ ಇನ್ನೊಂದಕ್ಕೂ ಸಸ್ಪೆಂಡ್. ಸಸ್ಪೆಂಡ್ ಆದದ್ದು ಸತ್ತಿರುವುದಿಲ್ಲ, ಹಾಗಾಗಿ ಜೊತೆಗಾರನಿಗೆ ಗುಮಾನಿ ಬರುವುದಿಲ್ಲ. ಎರಡೂ ನಿಂತ ಮೇಲೆ ಒಂದೊಂದಾಗಿ ಕಿಲ್ ಮಾಡಿ, ಆಟೋರನ್ಸ್‌ಗೆ ಮರಳಿ ಟಿಕ್ ತೆಗೆಯಿರಿ. ಈ ಸಲ ನಿಲ್ಲುತ್ತದೆ.

ಇದಕ್ಕೂ ಜಗ್ಗದಿದ್ದರೆ ಸೇಫ್ ಮೋಡ್. ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಮಾಡಿ, 'ಟ್ರಬಲ್‌ಶೂಟ್', 'ಅಡ್ವಾನ್ಸ್‌ಡ್ ಆಪ್ಷನ್ಸ್', 'ಸ್ಟಾರ್ಟಪ್ ಸೆಟ್ಟಿಂಗ್ಸ್', ಮತ್ತೆ ರೀಸ್ಟಾರ್ಟ್, ಆಮೇಲೆ 4 ಒತ್ತಿ. ಬಿಟ್‌ಲಾಕರ್ ಕೀ ಕೇಳುವುದು ಇಲ್ಲೇ. ಸೇಫ್ ಮೋಡ್‌ನಲ್ಲಿ ಬಹುಪಾಲು ಮಾಲ್‌ವೇರ್ ಏಳುವುದಿಲ್ಲ, ಬರೆದುಕೊಂಡ ಜಾಗಕ್ಕೆ ಹೋಗಿ ಫೈಲ್ ಅಳಿಸಬಹುದು.

ಪೆನ್ ಡ್ರೈವ್‌ನ ಶಾರ್ಟ್‌ಕಟ್ ವೈರಸ್

ಡಿಟಿಪಿ ಅಂಗಡಿ, ಜೆರಾಕ್ಸ್ ಅಂಗಡಿ, ಕಾಲೇಜ್ ಲ್ಯಾಬ್ ಸುತ್ತಿ ಬಂದ ಪೆನ್ ಡ್ರೈವ್‌ಗಳಲ್ಲಿ ಈಗಲೂ ಕಾಣುವ ಪಿಡುಗು. ಫೋಲ್ಡರ್‌ಗಳು ಹೋಗಿ ಅದೇ ಹೆಸರಿನ ಶಾರ್ಟ್‌ಕಟ್‌ಗಳು ಕೂತಿರುತ್ತವೆ. ನಿಮ್ಮ ಫೈಲ್‌ಗಳು ಎಲ್ಲೂ ಹೋಗಿಲ್ಲ. ಅವಕ್ಕೆ 'ಹಿಡನ್' ಜೊತೆಗೆ 'ಸಿಸ್ಟಮ್' ಗುಣವನ್ನೂ ಹಚ್ಚಿ ಮರೆಮಾಡಲಾಗಿದೆ. ಶಾರ್ಟ್‌ಕಟ್ ಒತ್ತಿದರೆ ಮೊದಲು ಸ್ಕ್ರಿಪ್ಟ್ ಓಡುತ್ತದೆ, ಆಮೇಲೆ ನಿಮ್ಮ ಫೋಲ್ಡರ್ ತೆರೆಯುತ್ತದೆ. ಎಲ್ಲ ಸರಿಯಿದೆ ಎಂದೇ ಅನಿಸುತ್ತದೆ.

ಕಂಪ್ಯೂಟರ್ ಶುಚಿಯಾಗುವ ತನಕ ಪೆನ್ ಡ್ರೈವ್ ಶುಚಿ ಮಾಡಿ ಪ್ರಯೋಜನವಿಲ್ಲ. ಓಡುತ್ತಿರುವ ಸ್ಕ್ರಿಪ್ಟ್ ಅದನ್ನು ಮತ್ತೆ ಕೆಡಿಸುತ್ತದೆ. ಕಂಪ್ಯೂಟರ್ ಸರಿಯಾದ ಮೇಲೆ ಪೆನ್ ಡ್ರೈವ್ ಚುಚ್ಚಿ, ಯಾವ ಐಕಾನನ್ನೂ ಡಬಲ್ ಕ್ಲಿಕ್ ಮಾಡದೆ, ಅದಕ್ಕೆ ಬಂದ ಡ್ರೈವ್ ಅಕ್ಷರ ನೋಡಿಕೊಳ್ಳಿ. ಅದು ಇ ಆಗಿದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಅಟ್ರಿಬ್ -ಎಚ್ -ಎಸ್ -ಆರ್ ಇ:\*.* /ಎಸ್ /ಡಿ' ಎಂದು ಕೊಡಿ. ಪ್ರತಿ ಗುಣದ ನಡುವೆ ಒಂದು ಜಾಗ ಬಿಡಬೇಕು. ಅಕ್ಷರ ತಪ್ಪಿ ಸಿ ಎಂದು ಬರೆದರೆ ವಿಂಡೋಸ್‌ನ ಸ್ವಂತ ಫೈಲ್‌ಗಳ ಗುಣಗಳೆಲ್ಲ ಕಲಸಿಹೋಗುತ್ತವೆ, ಎಂಟರ್ ಒತ್ತುವ ಮೊದಲು ಎರಡು ಸಲ ನೋಡಿ.

ಈಗ ಮೂಲ ಫೋಲ್ಡರ್‌ಗಳು ಕಾಣುತ್ತವೆ. ಶಾರ್ಟ್‌ಕಟ್‌ಗಳನ್ನೂ ವಿಬಿಎಸ್, ಜೆಎಸ್ ಬಾಲದ ಅಪರಿಚಿತ ಫೈಲ್‌ಗಳನ್ನೂ ಅಳಿಸಿ. ಫೋಲ್ಡರ್ ಒಂದೂ ಕಾಣದಿದ್ದರೆ ಹೆಸರೇ ಇಲ್ಲದ ಒಂದು ಐಕಾನ್ ಇದೆಯೇ ನೋಡಿ. ತಾವಾಗಿ ಹರಡುವ ಕೆಲವು ವರ್ಮ್‌ಗಳು ಖಾಲಿ ಹೆಸರಿನ ಫೋಲ್ಡರ್ ಮಾಡಿ ಎಲ್ಲವನ್ನೂ ಅದರೊಳಗೆ ತುಂಬಿಡುತ್ತವೆ. ಅದರಿಂದ ಫೋಟೊ, ದಾಖಲೆಗಳನ್ನು ಹೊರತೆಗೆದು, ಡ್ರೈವನ್ನು ಫಾರ್ಮ್ಯಾಟ್ ಮಾಡಿ. ಮನೆಯಲ್ಲಿರುವ ಎಲ್ಲ ಪೆನ್ ಡ್ರೈವ್, ಮೆಮೊರಿ ಕಾರ್ಡ್‌ಗಳಿಗೂ ಇದೇ ಉಪಚಾರ. ಒಂದು ಉಳಿದರೂ ಸಾಕು.

ಬ್ರೌಸರ್ ಮತ್ತು ಅಡ್ಡದಾರಿಗಳು

ತೆಗೆದ ಎಕ್ಸ್‌ಟೆನ್ಶನ್ ಮರುದಿನ ಮತ್ತೆ ಕಂಡರೆ ತಪ್ಪಿತಸ್ಥ ಬಹುತೇಕ ಸಿಂಕ್. ಖಾತೆಯ ಸಿಂಕ್ ಮೊದಲು ಆಫ್ ಮಾಡಿ, ಎಕ್ಸ್‌ಟೆನ್ಶನ್ ತೆಗೆದು, ಸೆಟ್ಟಿಂಗ್ಸ್ ರಿಸೆಟ್ ಮಾಡಿ, ಆಮೇಲೆ ಸಿಂಕ್ ಹಾಕಿ. ಎಕ್ಸ್‌ಟೆನ್ಶನ್‌ಗೆ 'ರಿಮೂವ್' ಗುಂಡಿಯೇ ಇಲ್ಲದಿದ್ದರೆ, ಮೆನುವಿನ ಕೊನೆಯಲ್ಲಿ ಸಂಸ್ಥೆಯ ನಿಯಂತ್ರಣದಲ್ಲಿದೆ ಎಂಬ ಸಾಲಿದ್ದರೆ, ರಿಜಿಸ್ಟ್ರಿಯ ಅದೇ ಪಾಲಿಸೀಸ್ ಅಡಿಯಲ್ಲಿ ಗೂಗಲ್, ಕ್ರೋಮ್ ಕೀ ಹುಡುಕಿ. 'ಎಕ್ಸ್‌ಟೆನ್ಶನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್' ಎಂಬುದು ಅದನ್ನು ಬಲವಂತವಾಗಿ ಕೂರಿಸುತ್ತಿದೆ. ಡೆಸ್ಕ್‌ಟಾಪ್‌ನ ಕ್ರೋಮ್ ಐಕಾನಿನ 'ಪ್ರಾಪರ್ಟೀಸ್'ನಲ್ಲಿ 'ಟಾರ್ಗೆಟ್' ಕೊನೆಗೆ ಯಾವುದಾದರೂ ವೆಬ್ ವಿಳಾಸ ಅಂಟಿದೆಯೇ ಅದನ್ನೂ ನೋಡಿ.

ಸೆಟ್ಟಿಂಗ್ಸ್‌ನ 'ನೆಟ್‌ವರ್ಕ್ ಅಂಡ್ ಇಂಟರ್‌ನೆಟ್', 'ಪ್ರಾಕ್ಸಿ'ಯಲ್ಲಿ ಮನೆಯ ಯಂತ್ರಕ್ಕೆ ಸೆಟಪ್ ಸ್ಕ್ರಿಪ್ಟೂ ಮ್ಯಾನ್ಯುಯಲ್ ಪ್ರಾಕ್ಸಿಯೂ ಆಫ್ ಇರಬೇಕು. ಸಿಸ್ಟಮ್32ರೊಳಗೆ ಡ್ರೈವರ್ಸ್, ಇಟಿಸಿ ಫೋಲ್ಡರ್‌ನ 'ಹೋಸ್ಟ್ಸ್' ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಸಹಜವಾಗಿ ಅದರ ಪ್ರತಿ ಸಾಲೂ # ಗುರುತಿನಿಂದ ಶುರುವಾಗುತ್ತದೆ. ಆ ಗುರುತಿಲ್ಲದೆ ಆಂಟಿವೈರಸ್ ಕಂಪನಿಗಳ ಹೆಸರಿರುವ ಸಾಲುಗಳನ್ನು ಅಳಿಸಿ. ಮನೆಯ ಫೋನಿನಲ್ಲೂ ಅದೇ ಜಾಹೀರಾತು ಪುಟಗಳು ಬರುತ್ತಿದ್ದರೆ ರೂಟರ್‌ನಲ್ಲಿ ಸೈಟುಗಳ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಬದಲಾಗಿರಬಹುದು. ರೂಟರ್‌ನ ಬೆನ್ನಲ್ಲಿರುವ ಸಣ್ಣ ರಂಧ್ರದ ರಿಸೆಟ್ ಒತ್ತಿ ಅದನ್ನು ಸರಿಪಡಿಸಿ, ಆದರೆ ಒತ್ತುವ ಮೊದಲು ನಿಮ್ಮ ಬ್ರಾಡ್‌ಬ್ಯಾಂಡ್ ಯೂಸರ್‌ನೇಮ್, ಪಾಸ್‌ವರ್ಡ್ ಕೇಬಲ್‌ನವರಿಂದ ತೆಗೆದುಕೊಂಡಿರಿ. ಇಲ್ಲದಿದ್ದರೆ ನೆಟ್ಟೇ ಇರುವುದಿಲ್ಲ.

ಕೊನೆಗೆ ವಿಂಡೋಸ್‌ನ ಗಾಯ ಮುಚ್ಚಲು, ನೆಟ್ ಹಾಕಿಕೊಂಡು, ಮೊದಲು 'ಡಿಐಎಸ್‌ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್', ಅದು ಮುಗಿದ ಮೇಲೆ 'ಎಸ್‌ಎಫ್‌ಸಿ /ಸ್ಕ್ಯಾನ್‌ನೌ'. ಕ್ರಮ ಹೀಗೇ ಇರಲಿ, ಎರಡನೆಯದು ದುರಸ್ತಿಗೆ ಬೇಕಾದ ಒಳ್ಳೆಯ ಫೈಲ್‌ಗಳನ್ನು ಮೊದಲನೆಯದು ಸರಿಪಡಿಸಿದ ಕಣಜದಿಂದಲೇ ತರುವುದು. ಹಳೆಯ ರಿಸ್ಟೋರ್ ಪಾಯಿಂಟ್‌ಗಳನ್ನು ಅಳಿಸಿ ಹೊಸದೊಂದು ಮಾಡಿಡಿ.

ಯಾವಾಗ ಕೈ ಬಿಟ್ಟು ಫಾರ್ಮ್ಯಾಟ್ ಮಾಡಬೇಕು

ಸ್ಕ್ಯಾನ್ ವರದಿಯಲ್ಲಿ ಸ್ಯಾಲಿಟಿ, ವೈರಟ್, ರಾಮ್ನಿಟ್ ಎಂಬ ಹೆಸರು ಕಂಡರೆ ಸಮಯ ಹಾಳು ಮಾಡಬೇಡಿ. ಇವು ಯಂತ್ರದಲ್ಲಿರುವ ಒಳ್ಳೆಯ ಇಎಕ್ಸ್‌ಇ ಫೈಲ್‌ಗಳೊಳಗೇ ಸೇರಿಕೊಳ್ಳುತ್ತವೆ, ರಾಮ್ನಿಟ್ ಎಚ್‌ಟಿಎಂಎಲ್ ಫೈಲ್‌ಗಳನ್ನೂ ಬಿಡುವುದಿಲ್ಲ. ಮೇಲಿನದ್ದೆಲ್ಲ ಮಾಡಿ ಒಂದು ದಿನದೊಳಗೆ ಮತ್ತೆ ಮರಳಿದರೂ ಫಾರ್ಮ್ಯಾಟೇ ಸರಿ. ಬ್ಯಾಂಕಿನ ಕೆಲಸ ಇದೇ ಯಂತ್ರದಲ್ಲಿ ನಡೆಯುತ್ತದೆ, ಪಾಸ್‌ವರ್ಡ್ ಕದಿಯುವ ಮಾಲ್‌ವೇರ್ ಸಿಕ್ಕಿದೆ ಎಂದಾದರೆ, ಶುಚಿಯಾಯಿತು ಎಂದು ಕಂಡರೂ ನಾವು ಫಾರ್ಮ್ಯಾಟನ್ನೇ ಹೇಳುತ್ತೇವೆ.

ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ 8 ಜಿಬಿ ಪೆನ್ ಡ್ರೈವ್ ತಯಾರಿಸಿ, ಅದರಿಂದ ಬೂಟ್ ಮಾಡಿ. ಡಿಸ್ಕ್ ಆಯ್ಕೆಯ ಹಂತದಲ್ಲಿ ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡಿ ಡಿ ಡ್ರೈವನ್ನು ಹಾಗೇ ಬಿಡುವುದು ನಮ್ಮಲ್ಲಿ ರೂಢಿ. ಅದೇ ತಪ್ಪು, ಮಾಲ್‌ವೇರ್ ಡಿ ಡ್ರೈವ್‌ನಲ್ಲಿ ಕಾದು ಕೂತಿರುತ್ತದೆ. ಅಲ್ಲಿನ ದಾಖಲೆಗಳೂ ಬ್ಯಾಕಪ್‌ನಲ್ಲಿವೆಯೇ ತೆರೆದು ನೋಡಿ, ಆ ಡಿಸ್ಕಿನ ಎಲ್ಲ ಪಾರ್ಟಿಶನ್‌ಗಳನ್ನೂ ಅಳಿಸಿ. ವಿಂಡೋಸ್ ಜೊತೆಗೇ ಕೊಂಡ ಲ್ಯಾಪ್‌ಟಾಪ್ ಆದರೆ ಲೈಸೆನ್ಸ್ ಕೀ ಮದರ್‌ಬೋರ್ಡಿನಲ್ಲೇ ಇರುತ್ತದೆ, ಅದೇ ಎಡಿಶನ್ ಹಾಕಿದರೆ ನೆಟ್ ಸಿಕ್ಕ ಕೂಡಲೇ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಕ್ರ್ಯಾಕ್ ಬೇಕಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಯಂತ್ರ ಒಪ್ಪುವುದಾದರೆ 11ನ್ನೇ ಹಾಕಿ.

ಮರುಸ್ಥಾಪನೆಯ ನಂತರ ಹಳೆಯ ನುಡಿ, ಬರಹ ದಾಖಲೆಗಳನ್ನು ತೆರೆದಾಗ ಕನ್ನಡದ ಜಾಗದಲ್ಲಿ ಅಡ್ಡಾದಿಡ್ಡಿ ಇಂಗ್ಲಿಷ್ ಚಿಹ್ನೆಗಳು ಕಂಡರೆ ಅದು ವೈರಸ್ ಅಲ್ಲ, ಆ ಫಾಂಟ್‌ಗಳು ಇನ್ನೂ ಇನ್‌ಸ್ಟಾಲ್ ಆಗಿಲ್ಲ ಅಷ್ಟೇ. ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದಲೇ ತನ್ನಿ.

ರ‍್ಯಾನ್ಸಮ್‌ವೇರ್ ಆಗಿದ್ದರೆ ಮಾಲ್‌ವೇರ್ ತೆಗೆದ ಮಾತ್ರಕ್ಕೆ ಫೈಲ್‌ಗಳು ತೆರೆಯುವುದಿಲ್ಲ. ಯುರೋಪೋಲ್, ಡಚ್ ಪೊಲೀಸರು ಮತ್ತು ಭದ್ರತಾ ಕಂಪನಿಗಳು 2016ರಲ್ಲಿ ಶುರುಮಾಡಿದ 'ನೋ ಮೋರ್ ರ‍್ಯಾನ್ಸಮ್' ತಾಣಕ್ಕೆ ಲಾಕ್ ಆದ ಎರಡು ಫೈಲ್ ಮತ್ತು ಬೆದರಿಕೆ ಚೀಟಿ ಕೊಟ್ಟರೆ ಬೀಗದ ಕೈ ಇದೆಯೇ ಎಂದು ಹೇಳುತ್ತದೆ. ಸ್ಟಾಪ್ ಡಿಜೆವುವಿಗೆ ಭದ್ರತಾ ಕಂಪನಿ ಎಮ್ಸಿಸಾಫ್ಟ್‌ನ ಉಚಿತ ಡಿಕ್ರಿಪ್ಟರ್ ಇದೆ. 2019ರ ಆಗಸ್ಟ್‌ಗಿಂತ ಹಿಂದಿನ ತಳಿಗಳಿಗೂ ಮಾಲ್‌ವೇರ್‌ಗೆ ತನ್ನ ಸರ್ವರ್ ಸಿಗದಾಗಿನ 'ಆಫ್‌ಲೈನ್ ಕೀ' ಬಳಸಿ ಲಾಕ್ ಆದ ಕೆಲವು ಫೈಲ್‌ಗಳಿಗೂ ಅದು ನಡೆಯುತ್ತದೆ. ಇಂದು ಸಿಗದಿದ್ದರೂ ಲಾಕ್ ಆದ ಪ್ರತಿಗಳನ್ನು ಎತ್ತಿಡಿ.

ಈಗ ಪಾಸ್‌ವರ್ಡ್

ಯಂತ್ರ ಶುಚಿಯಾದ ಮೇಲೆ, ಅಥವಾ ರೋಗವಿಲ್ಲದ ಬೇರೆ ಫೋನಿನಿಂದ, ಮೊದಲು ಇಮೇಲ್, ನಂತರ ಬ್ಯಾಂಕ್, ಆಮೇಲೆ ಉಳಿದವು. ಇಮೇಲ್ ಮೊದಲೇಕೆಂದರೆ ಉಳಿದ ಖಾತೆಗಳ ರಿಸೆಟ್ ಲಿಂಕ್ ಬರುವುದು ಅಲ್ಲಿಗೆ. ಪಾಸ್‌ವರ್ಡ್ ಬದಲಿಸಿ ಸುಮ್ಮನಾಗಬೇಡಿ, ಪ್ರತಿ ಖಾತೆಯಲ್ಲೂ 'ಎಲ್ಲ ಡಿವೈಸ್‌ಗಳಿಂದ ಸೈನ್ ಔಟ್' ಒತ್ತಿ. ರೆಡ್‌ಲೈನ್, ಲುಮ್ಮಾದಂಥ ಕಳ್ಳ ಮಾಲ್‌ವೇರ್‌ಗಳು ಕದಿಯುವುದು ಪಾಸ್‌ವರ್ಡ್ ಜೊತೆಗೆ ನೀವು ಲಾಗಿನ್ ಆಗಿರುವುದನ್ನು ನೆನಪಿಡುವ ಬ್ರೌಸರ್‌ನ ಕುಕೀಗಳನ್ನೂ. ಆ ಕುಕೀ ಇದ್ದರೆ ಕಳ್ಳನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಇಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ವಿಳಾಸ, ರಿಕವರಿ ನಂಬರ್ ನಿಮ್ಮದೇ ಇವೆಯೇ ನೋಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಹಣ ಖಾತೆಯಿಂದ ಖಾತೆಗೆ ಹಾರುವ ಮುಂಚೆ ತಡೆಯುವ ಅವಕಾಶ ಇರುವುದು ಮೊದಲ ಕೆಲವು ಗಂಟೆಗಳಲ್ಲಿ.

ಮುಂದಿನ ದಿನಬಳಕೆಗೆ ಅಡ್ಮಿನಿಸ್ಟ್ರೇಟರ್ ಅಲ್ಲದ 'ಸ್ಟ್ಯಾಂಡರ್ಡ್' ಖಾತೆಯೊಂದನ್ನು ಮಾಡಿ, ಮಕ್ಕಳಿಗಂತೂ ಅದನ್ನೇ ಕೊಡಿ. ಈಚೆಗೆ ಹೊಸ ಬಾಗಿಲೊಂದು ತೆರೆದಿದೆ: 'ನೀವು ರೋಬಾಟ್ ಅಲ್ಲ ಎಂದು ತೋರಿಸಲು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಒತ್ತಿ' ಎನ್ನುವ ಪುಟಗಳು. ಆ ಮೂರು ಒತ್ತಿದರೆ ಮಾಲ್‌ವೇರ್ ಇಳಿಸುವ ಕಮಾಂಡನ್ನು ನೀವೇ ಓಡಿಸಿದಂತೆ. ಇದಕ್ಕೆ ಅಡ್ಮಿನಿಸ್ಟ್ರೇಟರ್ ಅನುಮತಿಯೂ ಬೇಕಿಲ್ಲ, ಸ್ಟ್ಯಾಂಡರ್ಡ್ ಖಾತೆಯಲ್ಲೂ ಪಾಸ್‌ವರ್ಡ್ ಕದಿಯಬಲ್ಲದು. ಹಾಗಾಗಿ ಈ ಮೂರು ಗುಂಡಿಗಳ ವಿಷಯ ಮನೆಯವರಿಗೆಲ್ಲ ಒಮ್ಮೆ ಪರದೆಯ ಮುಂದೆ ಕೂರಿಸಿಯೇ ತೋರಿಸಿ.